ಕೆಳಗಿನ ಮನೆ ಖಾಲಿಯಾಗಬೇಕು

ಭಾನುವಾರ, ಮಧ್ಯಾಹ್ನ

ನನ್ನ ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಕೈಸೇರಿತು. ಬಾಡಿಗೆಗೆ ಕೊಡೋ ಮನೆ ಕೊಳ್ಳೋದನ್ನ ಎಲ್ಲಿಂದ ಶುರು ಮಾಡ್ಬೇಕಿತ್ತು, ನಾನೆಲ್ಲಿ ಎಡವಿದೆ ಅಕ್ಕಾ ಅಂತ ಕೇಳಿದ್ದೀಯ. ಅಷ್ಟು ಓಡಾಡಿದ ಮೇಲೂ ಆ ಮನೆ ಇನ್ಯಾರದೋ ಪಾಲಾಯಿತೆಂದು ಊಟ ಬಿಟ್ಟಿದ್ದೀಯಂತೆ. ಹಾಗೆಲ್ಲ ಮಾಡಬೇಡ. ಆಸ್ಪತ್ರೆಯಲ್ಲಿ ನಿಂತುಕೊಂಡೇ ಪಾಳಿ ಮುಗಿಸುವವಳು ನೀನು, ತಲೆ ಸುತ್ತಿ ರೋಗಿಯ ಮೇಲೇ ಬಿದ್ದೀಯ. ಬ್ಯಾಂಕಿನಲ್ಲಿ ಮನೆ ಸಾಲದ ಮೇಜಿನ ಹಿಂದೆ ಕೂರುವ ಅಕ್ಕ ನಾನಿದ್ದೇನೆ, ಸಾವಧಾನವಾಗಿ ಹೇಳಿಕೊಡುತ್ತೇನೆ.

ಮನೆ ಮನಸ್ಸಿಗೆ ಹಿಡಿಸಿದರೆ ಬಾಯಿ ಮುಚ್ಚಿಕೊಂಡಿರಬೇಕು. ನೀನು ನನ್ನ ಮೇಜಿನ ಮುಂದೆ ಕೂತು ಎಲ್ಲವನ್ನೂ ಬಿಡಿಸಿಟ್ಟೆ. ಮುದುಕ ಓನರ್‌ಗೆ ಮಾರುವ ಅವಸರವಿದೆ, ಇಷ್ಟಕ್ಕೆ ಇಳಿಯುತ್ತಾರೆ, ಮೇಲಿನ ಮನೆಯ ಬಾಡಿಗೆಯಿಂದ ಸಾಲದ ಕಂತು ಕಟ್ಟುತ್ತೇನೆ, ಕೆಳಗಿನ ಮನೆಯಲ್ಲಿ ಅಮ್ಮ ಈಗಿರುವ ಹಾಗೇ ಇರಲಿ, ಅವಳ ಹತ್ತಿರ ನಾನು ಬಾಡಿಗೆ ತಗೋಳಲ್ಲ ಅಂದೆ. ಹೇಳುವಾಗ ನಿನ್ನ ಕಣ್ಣು ತುಂಬಿತ್ತು. ನಾನು ನಿನಗೆ ಟೀ ತರಿಸಿಕೊಟ್ಟೆ.

ಸಾಲ ಕೇಳುವುದಕ್ಕೂ ಒಂದು ಕ್ರಮವಿದೆ. ಕೂಡಿಟ್ಟದ್ದನ್ನೆಲ್ಲ ಮುಂಗಡಕ್ಕೇ ಸುರಿಯಬಾರದು. ನಲ್ಲಿ ಒಡೆಯುತ್ತದೆ, ಮಾಳಿಗೆ ಸೋರುತ್ತದೆ, ಬಾಡಿಗೆಯವರು ಹೇಳದೆ ಕೇಳದೆ ಹೊರಟುಬಿಡುತ್ತಾರೆ. ಮನೆ ಖಾಲಿ ಬಿದ್ದಿದೆ ಅಂತ ಬ್ಯಾಂಕು ಕಂತು ಬಿಡುವುದಿಲ್ಲ. ಜೊತೆಗೆ, ಬಾಡಿಗೆ ಕರಾರಿನಲ್ಲಿ ಬರೆದ ಮೊತ್ತದ ಒಂದು ಪಾಲನ್ನಷ್ಟೇ ಬ್ಯಾಂಕು ಆದಾಯ ಅಂತ ಹಿಡಿಯುವುದು. ಪುಕ್ಕಟೆ ಕೂತ ತಾಯಿಯನ್ನು ಅರ್ಜಿಯ ಯಾವ ಅಂಕಣದಲ್ಲಿ ತುಂಬಿಸೋದು, ನೀನೇ ಹೇಳು.

ಇಷ್ಟಾದರೂ ನಿನ್ನ ಅರ್ಜಿ ಪಾಸಾಗುತ್ತಿತ್ತು. ಸಂಬಳದ ಚೀಟಿ ಒಂದು ಕಡಿಮೆಯಿದೆ ಅಂತ ವಾಪಸ್ ಕಳಿಸಿದ್ದೆ, ಆಮೇಲೆ ನಿನ್ನ ಗಂಡನ ಸಹಿ ಹೊಂದುವುದಿಲ್ಲ ಅಂತ ಮತ್ತೊಮ್ಮೆ ಓಡಿಸಿದ್ದೆ, ನೆನಪಿದೆಯಲ್ಲ. ಚೀಟಿ ಸರಿಯಾಗಿತ್ತು. ಸಹಿಯೂ ಹೊಂದುತ್ತಿತ್ತು. ಇನ್ನೊಂದು ಬ್ಯಾಂಕಿನಲ್ಲಿ ನನ್ನ ಸಾಲ ಮಂಜೂರಾಗುವವರೆಗೆ ನೀನು ಅಲ್ಲಿ ಇಲ್ಲಿ ಅಲೆಯುತ್ತಿರಬೇಕಿತ್ತು, ಅಷ್ಟೇ. ಮನೆ ಕೊಂಡವಳು ನಾನು ಪುಟ್ಟಿ.

ಈಗ ನೀನು ಹಾಸಿಗೆ ಮೇಲೆ ಬಿದ್ದು ಅಳುತ್ತಿರುತ್ತೀಯ. ಅತ್ತು ಮುಗಿಸಿ ಮುಂದೆ ಓದು. ಅಪ್ಪ ಹೋದ ಮೇಲೆ ನನ್ನ ಓದು ಬಿಡಿಸಿ ಕೆಲಸಕ್ಕೆ ಕಳಿಸಿದ್ದು ಅಮ್ಮ. ದೊಡ್ಡವಳು ಸಂಭಾಳಿಸ್ತಾಳೆ ಬಿಡು ಅಂತ ಎಲ್ಲರ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದಳು. ಆ ಕೆಳಗಿನ ಮನೆಯ ಬಾಡಿಗೆ ಹೋಗುತ್ತಿದ್ದದ್ದು ನನ್ನ ಸಂಬಳದಲ್ಲಿ, ನಿನ್ನ ನರ್ಸಿಂಗ್ ಫೀಸು ಕೂಡ. ಕಿಟಕಿ ಪಕ್ಕದ ಮಂಚ ನಿನಗೆ, ಪುಸ್ತಕ ನಿನಗೆ, ತಲೆಗೆ ಎಣ್ಣೆ ಹಚ್ಚುವ ಅಮ್ಮನ ಕೈಯೂ ನಿನಗೆ. ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದೆ. ಆದರೆ ಮನೆ ಮಾರಾಟಕ್ಕಿದೆ ಅಂತ ಗೊತ್ತಾದಾಗ ಅಮ್ಮ ಫೋನ್ ಮಾಡಿದ್ದು ನಿನಗೆ. ನೀನು ನನಗೆ ಹೇಳಿದ್ದೂ ಅರ್ಜಿ ತುಂಬುವುದಕ್ಕೆ ಒಂದು ಆಳು ಬೇಕಿತ್ತು ಅನ್ನುವ ಕಾರಣಕ್ಕೆ. ಇದೊಂದನ್ನು ನುಂಗಲು ನನ್ನಿಂದ ಆಗಲಿಲ್ಲ.

ಕೆಳಗಿನ ಮನೆ ಖಾಲಿ ಮಾಡುವಂತೆ ಬ್ರೋಕರ್ ಕೈಯಲ್ಲಿ ನೋಟಿಸು ಕಳಿಸಿದವಳೂ ನಾನೇ. ಅಮ್ಮ ಕೊಡುವ ಬಾಡಿಗೆ ಯಾವ ಕಾಲದ ದರವೋ. ಅಷ್ಟರಲ್ಲಿ ಕಂತು ಹುಟ್ಟುವುದಿಲ್ಲ, ಇದು ಬರೀ ಲೆಕ್ಕದ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊಸ ಓನರ್ ಯಾರೆಂದು ಅವಳಿಗೆ ಗೊತ್ತಿಲ್ಲ. ನಾನು ಹೋದಾಗಲೆಲ್ಲ ಅಡುಗೆಮನೆಯಲ್ಲಿ ನಿಂತು ಅವರ ಮನೆ ಹಾಳಾಗ ಅಂತ ಶಾಪ ಹಾಕುತ್ತಾಳೆ. ನಾನು ಹೌದಮ್ಮಾ ಹೌದು ಅನ್ನುತ್ತಾ ಗೋಡೆಗೆ ತೇವ ಹತ್ತಿದೆಯೋ ಏನೋ ಅಂತ ಕೈಯಾಡಿಸಿ ನೋಡಿಕೊಂಡು ಬರುತ್ತೇನೆ.

ಬೇಕಿದ್ದರೆ ನೀನೇ ಅವಳಿಗೆ ಹೇಳು. ಅವಳಿಗೆ ನಿನ್ನ ಮೇಲೆ ಪ್ರೀತಿ, ನನ್ನ ಮೇಲೆ ನಂಬಿಕೆ. ಯಾವುದು ಗೆಲ್ಲುತ್ತದೆ ಅಂತ ನನಗೂ ನೋಡುವ ಆಸೆಯಿದೆ. ತಿಂಗಳ ಕೊನೆಗೆ ಅವಳು ನಿನ್ನಲ್ಲಿಗೇ ಬರಬೇಕಾಗುತ್ತದೆ. ನಿನ್ನ ಒಂದು ಕೋಣೆಯ ಮನೆಯಲ್ಲಿ ಅವಳ ಮಂಚ ಹಿಡಿಸುತ್ತದೆಯೇ ಅಂತ ಈಗಲೇ ಅಳೆದು ನೋಡಿಕೋ.

ಮನೆ ಕೊಳ್ಳುವ ಆಸೆ ಮಾತ್ರ ಬಿಡಬೇಡ. ಮುಂದಿನ ಸಲ ಅರ್ಜಿ ಹಾಕುವಾಗಲೂ ಸಂಕೋಚಪಡದೆ ನನ್ನ ಹತ್ತಿರವೇ ಬಾ. ವೇಳೆಗೆ ಸರಿಯಾಗಿ ಊಟ ಮಾಡು.

ನಿನ್ನ ಶ್ರೇಯಸ್ಸನ್ನೇ ಬಯಸುವ,
ಅಕ್ಕ

ತಾ.ಕ.: ಇವತ್ತು ಬೆಳಿಗ್ಗೆ ಅಮ್ಮ ಹೊಸ ಓನರ್‌ಗೆ ಒಂದು ವಿನಂತಿ ಬರೆಸಿದಳು. ಕಣ್ಣಿಗೆ ಪೊರೆ ಬಂದ ಮೇಲೆ ಅವಳಿಗೆ ಬರೆಯಲು ಆಗುವುದಿಲ್ಲವಲ್ಲ, ನಾನೇ ಬರೆದುಕೊಟ್ಟೆ. ಹೊಸ ಬಾಡಿಗೆಯವರು ಎಷ್ಟು ಕೊಡ್ತಾರೋ ಅಷ್ಟೇ ನಾನೂ ಕೊಡ್ತೀನಿ, ಊಟ ಕಡಿಮೆ ಮಾಡಿಯಾದ್ರೂ ಕೊಡ್ತೀನಿ, ಇಲ್ಲೇ ಇರೋಕೆ ಬಿಡಿ, ನಾನು ಎಂಥವಳು ಅಂತ ನನ್ನ ದೊಡ್ಡ ಮಗಳನ್ನ ಕೇಳಿ ನೋಡಿ, ಅವಳು ಸುಳ್ಳು ಹೇಳೋಳಲ್ಲ ಅಂದಳು. ಒಂದಕ್ಷರ ಬಿಡದೆ ಬರೆದೆ. ಅವರು ಕೇಳಿದ್ರೆ ಏನು ಹೇಳ್ತೀಯ ಅಂತ ಆಮೇಲೆ ನನ್ನನ್ನು ಕೇಳಿದಳು. ಇದ್ದದ್ದನ್ನೇ ಹೇಳ್ತೀನಮ್ಮ ಅಂದೆ. ತಲೆ ಸವರಿದಳು. ನೋಟಿಸಿನ ತಾರೀಖು ಬದಲಾಗಿಲ್ಲ.