ಕಪ್ಪು ಒಳಮೈಗೆ, ಹಸಿರು ಹೊರಮೈಗೆ

ತಾರೀಖು ಹದಿನಾಲ್ಕು, ಬುಧವಾರ

ಮುದ್ದಿನ ತಂಗಿ ಗುಬ್ಬಿಗೆ ಅಣ್ಣನ ಆಶೀರ್ವಾದಗಳು.

ಮೊನ್ನೆ ಊಟವಾದ ಮೇಲೆ ಅಂಗಡಿಯ ಬೆಂಚಿಗೆ ಒರಗಿದವನಿಗೆ ಕೆಟ್ಟ ಕನಸು. ನೀನು ಕಟ್ಟಿದ ಗುಲಾಬಿ ಕಸಿಗಳೆಲ್ಲ ಹಾಲುಹಲ್ಲು ಬಿದ್ದ ಹಾಗೆ ಒಂದೊಂದೇ ಉದುರುತ್ತಿದ್ದವು. ನಿಮ್ಮ ನರ್ಸರಿಯ ಯಜಮಾನಿ ಕಸಿ ಚಾಕು ಮಸೆಯಲು ನಾನು ಕಳಿಸಿದ ಚರ್ಮದ ಪಟ್ಟಿಯನ್ನು ನನ್ನ ಕೈಗೇ ಕೊಟ್ಟು, ‘ನೀವೇ ಇಟ್ಕೊಳ್ಳಿ’ ಅಂದರು. ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಏನು ಮಾಡಿಬಿಟ್ಟೆನೋ ಎಂಬ ಭಯಕ್ಕೆ ಪೆನ್ನೇ ಹಿಡಿಯಲಾಗಲಿಲ್ಲ.

ಪಟ್ಟಿಗೆ ಚರ್ಮ ಆರಿಸುವುದರಲ್ಲೇ ಒಂದು ವಾರ ಹೋಗಿತ್ತು. ಮೇಕೆಯ ಚರ್ಮ ಮೆತ್ತಗೆ, ಒತ್ತಿದರೆ ತಗ್ಗಿ ಚಾಕುವಿನ ಅಂಚನ್ನು ಗುಂಡಗೆ ಮಾಡುತ್ತದೆ. ಬ್ಯಾಗಿನ ಚರ್ಮ ರಬ್ಬರಿನಂತೆ ಹಿಗ್ಗುತ್ತದೆ. ಕೊನೆಗೆ ತೊಗಟೆ ನೀರಿನಲ್ಲಿ ಹದ ಮಾಡಿದ ಎಮ್ಮೆ ಚರ್ಮದ ತುಂಡು ಸಿಕ್ಕಿತು. ಒರಟಾದ ಒಳಮೈಗೆ ಕಪ್ಪು ಪಾಲಿಶ್ ಕಡ್ಡಿ ತಿಕ್ಕಬೇಕು, ಅದು ಚಾಕುವಿನ ಅಂಚನ್ನು ತಿದ್ದುತ್ತದೆ. ನುಣುಪಾದ ಹೊರಮೈಗೆ ಹಸಿರು ಕಡ್ಡಿ, ಅದು ಕೊನೆಯ ಹೊಳಪು. ಅದಲುಬದಲಾದರೆ ಚಾಕು ಗಿಡದ ಸಿಪ್ಪೆಯನ್ನು ಹರಿಯುತ್ತದೆ, ಕಸಿ ಒಣಗುತ್ತದೆ. ಇದನ್ನೆಲ್ಲ ಚೀಟಿಯಲ್ಲಿ ಬರೆದು, ಪಟ್ಟಿ ಕಡ್ಡಿಗಳ ಜೊತೆ ಪಾರ್ಸೆಲ್ ಮಾಡಿದೆ.

ಮರುದಿನ ಚಪ್ಪಲಿ ಹೊಲಿಸಲು ಬಂದ ಟೀಚರಮ್ಮ ನನ್ನ ಬೋರ್ಡು ನೋಡಿ ನಗುತ್ತಾ, ‘ಇದು ಹೊಲಿಗೆನೋ ಒಲಿಗೆನೋ?’ ಎಂದು ಕೇಳಿದರು. ಥಟ್ಟನೆ ಆ ಚೀಟಿ ನೆನಪಾಯಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಚೀಟಿಯಲ್ಲೂ ‘ಹೊರಮೈ’ಗೆ ‘ಒರಮೈ’ ಎಂದೇ ಬರೆದಿರಬೇಕು. ನನ್ನ ಅಕ್ಷರದಲ್ಲಿ ರ ಯಾವುದು ಳ ಯಾವುದು ಎಂದು ನನಗೇ ತಿಳಿಯದು. ನೀನು ಎರಡನ್ನೂ ‘ಒಳಮೈ’ ಎಂದೇ ಓದಿ, ಸಿಕ್ಕಿದ ಕಡೆ ಕಪ್ಪು ಬಳಿದಿದ್ದರೆ? ನೂರು ಕಸಿಯಲ್ಲಿ ಮುಕ್ಕಾಲು ಚಿಗುರದಿದ್ದರೆ ನಿನಗೆ ಕೆಲಸವಿಲ್ಲ ಎಂದು ಯಜಮಾನಿ ಹೇಳಿದ್ದರಲ್ಲ.

ನಿನ್ನೆ ನಿನ್ನ ಪತ್ರ ಬಂತು. ಎಂಬತ್ತೆಂಟು ಚಿಗುರಿವೆ, ಕೆಲಸ ಕಾಯಂ ಎಂಬ ಸಾಲನ್ನು ನಾಲ್ಕು ಸಲ ಓದಿದೆ. ಅದರ ಕೆಳಗೆ ನೀನು ಬರೆದದ್ದನ್ನು ನಿನ್ನ ಅತ್ತಿಗೆ ಗಟ್ಟಿಯಾಗಿ ಓದಿದಳು: ‘ನಿನ್ನ ಒ ನನಗೆ ಗೊತ್ತಿಲ್ವಾ ಅಣ್ಣ? ಚಿಕ್ಕಂದಿನಿಂದ ಒಟ್ಟೆ ಅಸಿವು ಅಂತಾನೇ ಅಂತಿದ್ದೆ.’ ನಿನ್ನೆಯಿಂದ ಊಟಕ್ಕೆ ಕೂತಾಗಲೆಲ್ಲ ಅವಳು, ‘ಒಟ್ಟೆ ತುಂಬ್ತಾ?’ ಎಂದು ಕೆಣಕುತ್ತಾಳೆ. ಕೆಣಕಲಿ. ಎಷ್ಟೋ ದಿನದ ಮೇಲೆ ಅನ್ನ ರುಚಿಸುತ್ತಿದೆ. ಈ ಪತ್ರದಲ್ಲಿ ಬಿಟ್ಟುಹೋದ ‘ಹ’ಗಳನ್ನೂ ಅವಳೇ ಹಾಕಿಕೊಡುತ್ತಾಳೆ.

ಹಿಡಿದ ಗಿಡವೆಲ್ಲ ಚಿಗುರಲಿ, ನಿನ್ನ ಕೈ ತಣ್ಣಗಿರಲಿ.

ಇಂತಿ ನಿನ್ನ ಅಣ್ಣ

ತಾ.ಕ.: ನಿನಗೆ ಏಳು ವರ್ಷವಿದ್ದಾಗ ಕುಂಬಳಕಾಯಿ ಹೆಚ್ಚುವಾಗ ಚಾಕು ಜಾರಿ ಎಡಗೈ ತೋರುಬೆರಳು ಕೊಯ್ದುಕೊಂಡೆಯಲ್ಲ, ಅವಸರದ ಹುಡುಗಿ ಎಂದು ಅಪ್ಪ ನಿನ್ನನ್ನೇ ಬೈದರು. ಆ ಬೆಳಿಗ್ಗೆ ಚಾಕು ಮಸೆದಿಡು ಎಂದು ಅವರು ಹೇಳಿದ್ದು ನನಗೆ. ‘ಮಸೆದಿದೀನಿ’ ಅಂದೆ. ಮಸೆದಿರಲಿಲ್ಲ. ಮೊಂಡು ಚಾಕೇ ಜಾರುವುದು. ಇದನ್ನು ಯಾರಿಗೂ ಹೇಳಿಲ್ಲ. ಈ ಸಾಲುಗಳನ್ನೂ ನಿನ್ನ ಅತ್ತಿಗೆಯೇ ತಿದ್ದಬೇಕು, ಅವಳಿಗೂ ಇವತ್ತೇ ತಿಳಿಯುತ್ತದೆ. ಆ ಬೆರಳಿನ ತುದಿ ಮರಗಟ್ಟಿಲ್ಲ, ಮುಟ್ಟಿದ್ದು ತಿಳಿಯುತ್ತದೆ ಎಂದು ನೀನು ಯಾವಾಗಲೂ ಹೇಳುತ್ತೀ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಮುಟ್ಟಿ ನೋಡು, ನಿಜ ಬರೆ.