ಮೀಸೆ ಮಾವ ಸಭೆಗೆ ಬಂದದ್ದು

ಅಪ್ಪಾ,

ಇವತ್ತು ನಮ್ಮ ಸಭೆಗೆ ನಿನ್ನ ಪಲ್ಟನ್ನಿನ ಗೆಳೆಯ ಮೀಸೆ ಮಾವ ಬಂದಿದ್ದರು. ಸೇನೆಯಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರು ಒಟ್ಟಿಗೆ ಕೂತು ಮಾತಾಡುವ ಸಭೆ ಇದು. ನೀನು ತೀರಿಹೋದ ಮೇಲೆ, ನಾನೂ ಸಮವಸ್ತ್ರ ಬಿಚ್ಚಿಟ್ಟ ಮೇಲೆ ಶುರುಮಾಡಿದ್ದು.

ದಾರಿ ತಪ್ಪಿ ಬಂದರೇನೋ ಅಂದುಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕೂತು, "ಗಂಡಸರೂ ಮಾತಾಡಬಹುದೇನಮ್ಮ?" ಎಂದರು. ಸೇರಿದ ಹೊಸದರಲ್ಲಿ ಮೇಲಧಿಕಾರಿಯೊಬ್ಬ ಉಗ್ರಾಣಕ್ಕೆ ಕರೆಸಿಕೊಂಡು ಮಾಡಿದ್ದನ್ನು ನೆಲ ನೋಡುತ್ತ ಹೇಳಿದರು.

"ಆಗ ಯಾರಿಗಾದ್ರೂ ಹೇಳಿದ್ರಾ ಮಾವ?"

"ನಿಮ್ಮಪ್ಪನಿಗೊಬ್ಬನಿಗೆ. ಯಾಕೆ ಹೋದೆ, ಯಾಕೆ ಕೂಗ್ಲಿಲ್ಲ, ಒಂದೂ ಕೇಳ್ಲಿಲ್ಲ. ತನ್ನ ಮಂಚ ಎಳ್ಕೊಂಡು ಬಂದು ನನ್ನ ಪಕ್ಕ ಹಾಕ್ದ. ನನಗೆ ವರ್ಗ ಆಗೋವರೆಗೂ ಅಲ್ಲೇ ಮಲಗ್ದ."

ಇವರು ಯಾರ ಅಪ್ಪನ ಮಾತಾಡುತ್ತಿದ್ದಾರೆ ಅನ್ನಿಸಿತು. ಟಿವಿಯಲ್ಲಿ ಅಂಥ ಸುದ್ದಿ ಬಂದರೆ ಸಾಕು, ನೀನು ಚಾನೆಲ್ ಬದಲಿಸುತ್ತಿದ್ದೆ. ಅದನ್ನು ನೋಡಿಯೇ ನಾನು ರಜೆಗೆ ಬಂದಾಗಲೆಲ್ಲ ಬಾಯಿ ಬಿಡದೆ ಹಿಂದಿರುಗುತ್ತಿದ್ದೆ. ಮಾವನ ಗುಟ್ಟು ನಿನ್ನ ಮುಖದಲ್ಲಿ ಕಂಡುಬಿಟ್ಟೀತು ಅಂತಲೇ ಬದಲಿಸುತ್ತಿದ್ದೆಯಾ?

ಎಲ್ಲರೂ ಎದ್ದುಹೋದ ಮೇಲೆ ನನಗಾದದ್ದನ್ನೂ ಮಾವನಿಗೆ ಹೇಳಿದೆ. ಅವರು "ನಿಮ್ಮಪ್ಪನಿಗೆ ಗೊತ್ತಿತ್ತಾ?" ಎಂದರು.

ಇಲ್ಲ ಎಂದೆ.

"ನಡಿ, ಮನೆವರೆಗೂ ಬರ್ತೀನಿ," ಎಂದು ಎದ್ದರು. ದಾರಿಯುದ್ದಕ್ಕೂ ನಾನು ಅವರನ್ನು ನಿನ್ನ ಬಗ್ಗೆಯೇ ಕೇಳುತ್ತ ಬಂದೆ.