ಅತ್ತೆ ಹಾಕಿಕೊಟ್ಟ ಬ್ರೇಕು

ಪ್ರೀತಿಯ ಅತ್ತೆಯವರಿಗೆ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಹೇಗೆಂದು ನಿಮಗೇ ಗೊತ್ತು. "ಊಟ ಆಯ್ತಾ? ಅವಳು ಮಲಗಿದಾಳಾ? ಸರಿ, ಇಡ್ತೀನಿ." ಅಲ್ಲಿಗೆ ಮುಗಿಯಿತು. ಉಪಕಾರ ನೆನೆಯಲು ಯಾರಾದರೂ ಬಾಯಿ ತೆರೆದರೆ ಸಾಕು, ನಿಮಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತದೆ. ಕಾಗದವಾದರೆ ಉಕ್ಕುವ ಹಾಲನ್ನು ಇಳಿಸಿ ಬಂದ ಮೇಲೂ ಅಲ್ಲೇ ಇರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ. ನಿಮ್ಮ ಮಗಳು ಚೆನ್ನಾಗಿದ್ದಾಳೆ, ಹೊಟ್ಟೆಯಲ್ಲಿರುವ ಕೂಸೂ ಚೆನ್ನಾಗಿದೆ. ಕಾರಿನ ಹಿಂದಿನ ಬಂಪರ್ ಮಾತ್ರ ಸ್ವಲ್ಪ ತಗ್ಗಾಗಿದೆ.

ಆ ಕಾರನ್ನು ಕೊಂಡಾಗ ನನಗಿದ್ದ ಹುಮ್ಮಸ್ಸು ನಿಮಗೆ ನೆನಪಿರಬೇಕು. ಹನ್ನೊಂದು ವರ್ಷ ಹಳೆಯ ಪುಟ್ಟ ಕಾರು. ಅದಕ್ಕೆ ದೊಡ್ಡ ಅಗಲ ಚಕ್ರ ಹಾಕಿಸಿದೆ, ಸೀಟು ನಡುಗುವಂಥ ಸ್ಪೀಕರ್ ಇಡಿಸಿದೆ, ಎಂಜಿನ್ನನ್ನು ಚುರುಕು ಮಾಡಿಸಿದೆ. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು "ಈಗ ಕಾಣ್ತಿದೆಯಾ? ಈಗ?" ಎಂದು ಕೇಳುವವನಿಗೆ ಸಂಜೆ ಹೊತ್ತು ತಾನೂ ನಾಲ್ಕು ಜನರ ಕಣ್ಣಿಗೆ ಬೀಳಬೇಕೆನ್ನಿಸುತ್ತಿತ್ತು, ಅಷ್ಟೆ. ಮಗಳು ಬಸುರಿ ಎಂಬ ಸುದ್ದಿ ಕೇಳಿ ನೀವು ಬಂದಿರಿ. ನಿಮ್ಮನ್ನು ಬಸ್ ನಿಲ್ದಾಣದಿಂದ ಕರೆತರಲು ಕಾರನ್ನು ತೊಳೆದು, ಒರೆಸಿ, ಹೊಳೆಯಿಸಿ ತಂದಿದ್ದೆ. ನೀವು ಮುಂದಿನ ಸೀಟಿನಲ್ಲಿ ಕೂತು ಮನೆಯವರೆಗೆ ಬಂದಿರಿ. ಇಳಿಯುವಾಗ ಕೀಲಿ ಕೇಳಿದಿರಿ. ಒಬ್ಬರೇ ಬೀದಿಯ ಕೊನೆಯವರೆಗೆ ಹೋಗಿ, ಒಂದೇ ಸಲ ಬ್ರೇಕ್ ತುಳಿದು, ತಿರುಗಿಸಿಕೊಂಡು ಬಂದಿರಿ.

"ಇದು ನಿಲ್ಲೋದಿಲ್ಲ ಅಳಿಯಂದ್ರೇ. ನಿಲ್ಲೋಣ್ವಾ ಬೇಡ್ವಾ ಅಂತ ಯೋಚನೆ ಮಾಡುತ್ತೆ. ಓಡೋಕೆ ಏನೇನೋ ಮಾಡಿಸಿದೀರಿ. ನಿಲ್ಲೋಕೆ ಏನು ಮಾಡಿಸಿದೀರಿ?"

ಅಳಿಯ ಮನೆ ತೊಳಿಯ ಎಂಬ ಗಾದೆಯನ್ನು ಕೇಳಿದ್ದೆ. ಅತ್ತೆಯೇ ಬಂದು ಅಳಿಯನ ಶೋಕಿಯನ್ನು ಬೀದಿಯಲ್ಲಿ ತೊಳೆದುಹಾಕಿದ್ದನ್ನು ಕೇಳಿರಲಿಲ್ಲ. ಎದುರು ಮನೆಯವರು ಬೇರೆ ಗೇಟಿಗೆ ಒರಗಿ ನಿಂತಿದ್ದರು. ಬಸ್ ಡಿಪೋದ ಬ್ರೇಕ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದವರಿಗೆ, ಇಡೀ ಡಿಪೋವೇ 'ಬ್ರೇಕಮ್ಮ' ಎಂದು ಕರೆಯುತ್ತಿದ್ದವರಿಗೆ, "ಬಸ್ಸೇ ಬೇರೆ, ಕಾರೇ ಬೇರೆ, ನಿಮಗೆ ಗೊತ್ತಾಗಲ್ಲ ಬಿಡಿ" ಎಂದುಬಿಟ್ಟೆ. ಮರುದಿನ ಬೆಳಗಿನ ಬಸ್ಸಿಗೇ ಹೊರಟುಹೋದಿರಿ. ಆ ಮಾತಿಗೆ ನಾನು ಇವತ್ತಿನವರೆಗೂ ಕ್ಷಮೆ ಕೇಳಿಲ್ಲ. ಈಗ ಕೇಳುತ್ತಿದ್ದೇನೆ.

ನಿಮ್ಮ ಮಗಳು ನಿಮ್ಮ ಮಗಳೇ. "ಅಮ್ಮನ ಹತ್ರ ಬ್ರೇಕ್ ಮಾಡಿಸೋವರೆಗೂ ನಾನು ಇದ್ರಲ್ಲಿ ಕೂರಲ್ಲ" ಎಂದವಳು ಆಸ್ಪತ್ರೆಗೂ ಬಸ್ಸಿನಲ್ಲೇ ಹೋಗಿ ಬಂದಳು. ಎರಡು ವಾರ ತಡೆದೆ. ಆಮೇಲೆ ಒಂದು ಭಾನುವಾರ ಬೆಳಗ್ಗೆ, ಮುಖ ಊದಿಸಿಕೊಂಡು, ನಿಮ್ಮ ಮನೆಯ ಹಿಂದಿನ ಶೆಡ್ಡಿನ ಮುಂದೆ ಕಾರು ತಂದು ನಿಲ್ಲಿಸಿದೆ. ಹೀಯಾಳಿಸುತ್ತೀರಿ ಎಂದುಕೊಂಡಿದ್ದೆ. ನೀವು ಮಾವನವರ ಹಳೆಯ ಅಂಗಿಯೊಂದನ್ನು ತಂದು ಕೈಗಿತ್ತು, "ಬಟ್ಟೆ ಕೊಳೆಯಾಗುತ್ತೆ, ಇದನ್ನ ಹಾಕ್ಕೊಳ್ಳಿ" ಎಂದಿರಿ.

ಮುಂದಿನ ಚಕ್ರ ಕಳಚಿ, ಸವೆದ ಡಿಸ್ಕಿನ ಅಂಚಿನಲ್ಲಿ ಎದ್ದಿದ್ದ ಏಣನ್ನು ನನ್ನ ಬೆರಳಿಗೆ ಮುಟ್ಟಿಸಿದಿರಿ. ಅದೇ ಕಂಪನಿಯ ದೊಡ್ಡ ಕಾರಿನ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ರು, ಹೊಸ ಪ್ಯಾಡುಗಳು, ಎಲ್ಲವನ್ನೂ ಆಗಲೇ ಹುಡುಕಿ ತಂದಿಟ್ಟಿದ್ದಿರಿ. ನಾನು ಬರುವುದು ನನಗಿಂತ ಮೊದಲೇ ನಿಮಗೆ ಗೊತ್ತಿತ್ತು. ಕಾರಿನೊಡನೆ ಬಂದಿದ್ದ ಚಿಕ್ಕ ಚಕ್ರವಾಗಿದ್ದರೆ ಆ ದೊಡ್ಡ ಕ್ಯಾಲಿಪರ್ ಒಳಗೆ ಹಿಡಿಸುತ್ತಲೇ ಇರಲಿಲ್ಲವಂತೆ. ನನ್ನ ದೊಡ್ಡ ಚಕ್ರವನ್ನು ಎತ್ತಿ ಕೂರಿಸಿ, ಕೈಯಲ್ಲಿ ತಿರುಗಿಸಿ, ಎಲ್ಲೂ ತಗುಲದಿರುವುದನ್ನು ನೋಡಿ, "ನಿಮ್ಮ ಶೋಕಿನೂ ಒಂದು ಕೆಲಸಕ್ಕೆ ಬಂತು ನೋಡಿ" ಎಂದಿರಿ. ನೀವು ನನ್ನನ್ನು ಮೊದಲ ಸಲ ಹೊಗಳಿದ್ದು ಅದೇ ಎಂದು ಲೆಕ್ಕಕ್ಕಿಟ್ಟುಕೊಂಡಿದ್ದೇನೆ.

ಎರಡನೆಯ ಭಾನುವಾರ ಹಿಂದಿನ ಚಕ್ರಗಳ ಸರದಿ. "ಇದನ್ನೂ ದೊಡ್ಡದೇ ಹಾಕಿಬಿಡೋಣ" ಎಂದೆ ನಾನು, ಎರಡು ಭಾನುವಾರದ ಪಂಡಿತ. "ಬೇಡ. ಹಿಂದಿನ ಚಕ್ರ ಮೊದಲು ಕಚ್ಕೊಂಡ್ರೆ ಗಾಡಿ ಬುಗುರಿ ಥರ ತಿರುಗುತ್ತೆ" ಎಂದು ಇದ್ದ ಡ್ರಮ್ಮಿಗೇ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಹೊಸ ಬ್ರೇಕ್ ಶೂ ಹಾಕಿದಿರಿ. ಬಿರುಕುಬಿಟ್ಟಿದ್ದ ರಬ್ಬರ್ ಪೈಪುಗಳನ್ನು ಕಿತ್ತು, ಮಣ್ಣುನೀರಿನ ಬಣ್ಣಕ್ಕೆ ತಿರುಗಿದ್ದ ಬ್ರೇಕ್ ಆಯಿಲನ್ನು ಇಳಿಸಿ ಹೊಸದನ್ನು ತುಂಬಿಸಿದಿರಿ. ಆಮೇಲೆ ಪೈಪುಗಳೊಳಗಿನ ಗಾಳಿ ತೆಗೆಯುವ ಕೆಲಸ. ನಾನು ಒಳಗೆ ಕೂತು ಪೆಡಲ್ ಒತ್ತಬೇಕು, ನೀವು ಚಕ್ರದ ಬಳಿ ಮಲಗಿ ತಿರುಪು ಸಡಿಲಿಸಬೇಕು. ಮೊದಲು "ಒತ್ತಿ", "ಹಿಡ್ಕೊಳ್ಳಿ", "ಬಿಡಿ" ಎನ್ನುತ್ತಿದ್ದವರು, ಮೂರನೆಯ ಚಕ್ರಕ್ಕೆ ಬರುವಷ್ಟರಲ್ಲಿ "ಒತ್ತು, ಹಿಡಿ, ಬಿಡು. ಬಿಡು ಅಂದ್ರೆ ಬಿಡೋ ಮಾರಾಯ!" ಎಂದು ಕೂಗುತ್ತಿದ್ದಿರಿ. ಮದುವೆಯಾಗಿ ನಾಲ್ಕು ವರ್ಷ, ಬಹುವಚನದ ಬೇಲಿಯಾಚೆ ನಿಲ್ಲಿಸಿದ್ದವರು ಕಾರಿನಡಿಯಿಂದ ನನ್ನನ್ನು ಬೈಯುತ್ತಿದ್ದಿರಿ. ನನಗೆಷ್ಟು ಸಂತೋಷವಾಯಿತೆಂದರೆ, ಬಿಡುವುದನ್ನೇ ಮರೆತು ಇನ್ನೊಂದು ಬೈಗುಳ ತಿಂದೆ.

ಮೂರನೆಯ ಭಾನುವಾರ ಖಾಲಿ ರಸ್ತೆಯಲ್ಲಿ ಪ್ಯಾಡು ಡಿಸ್ಕುಗಳನ್ನು ಒಂದಕ್ಕೊಂದು ಪಳಗಿಸಲು ಹೋದೆವು. ವೇಗ ಏರಿಸು, ಪೂರ್ತಿ ನಿಲ್ಲಿಸದೆ ಇಳಿಸು, ಸ್ವಲ್ಪ ಆರಲು ಬಿಟ್ಟು ಮತ್ತೆ ಏರಿಸು. ಕೊನೆಗೆ ಜೋರಾಗಿ ತುಳಿದು ನಿಲ್ಲಿಸುವುದನ್ನು ಕಲಿಸಿದಿರಿ. "ನೀನು ನಿಂತೆ ಅಂತ ಕಾಲು ತೆಗೀಬೇಡ. ಹಿಂದಿನವನ ಬ್ರೇಕ್ ಹೇಗಿದೆಯೋ ಯಾರಿಗೆ ಗೊತ್ತು? ಅವನೂ ನಿಲ್ಲಲಿ, ಆಮೇಲೆ ತೆಗಿ." ಡಿಸ್ಕು ತಣಿಯಲೆಂದು ಮರದ ಕೆಳಗೆ ನಿಲ್ಲಿಸಿದಾಗ ನೀವಾಗಿಯೇ ಒಂದು ಹಳೆಯ ಮಾತು ತೆಗೆದಿರಿ. ಡಿಪೋ ಸೇರಿದ ಎರಡನೆಯ ವರ್ಷ ಒಂದು ಬಸ್ಸಿನ ಬ್ರೇಕ್ ಪೆಡಲ್ಲು ಹಿಡಿತವಿಲ್ಲದೆ ಆಳಕ್ಕೆ ಹೋಗುತ್ತಿತ್ತಂತೆ. ನೀವು ಮೇಸ್ತ್ರಿಗೆ ಹೇಳಿದಿರಂತೆ. ಅವರು, "ಒಂದು ಟ್ರಿಪ್ ಹೋಗಿ ಬರ್ಲಿ, ಮಧ್ಯಾಹ್ನ ನೋಡೋಣ" ಅಂದರಂತೆ.

"ನಾನು ಸುಮ್ಮನಾದೆ. ಗೇಟಿಗೆ ಅಡ್ಡ ನಿಂತಿದ್ರೆ ಬಸ್ಸು ಹೊರಗೆ ಹೋಗ್ತಿರ್ಲಿಲ್ಲ."

ಇಳಿಜಾರಿನಲ್ಲಿ ಬಸ್ಸು ನಿಲ್ಲದಾದಾಗ ಜನರ ಮೇಲೆ ಹೋಗದಂತೆ ಚಾಲಕ ಅದನ್ನು ಗೋಡೆಗೆ ತಿರುಗಿಸಿದ್ದರು. ಒಳಗಿದ್ದವರು ಉಳಿದರು. ಚಾಲಕನ ಬಲಗಾಲು ಉಳಿಯಲಿಲ್ಲ. ಆ ಚಾಲಕ ನನ್ನ ಮಾವನವರು. ಮರದ ಕಾಲನ್ನು ಬೆರಳಿನಿಂದ ಕುಟ್ಟಿ "ಯಾರದು? ಬಾಗಿಲು ತೆಗೀರಿ" ಎಂದು ಮಕ್ಕಳನ್ನು ನಗಿಸುತ್ತಿದ್ದ ಅವರನ್ನು ನಾನು ಎರಡೇ ವರ್ಷ ಕಂಡದ್ದು. ಆಸ್ಪತ್ರೆಗೆ ನೋಡಲು ಹೋದ ನೀವು ಹೋಗುತ್ತಲೇ ಇದ್ದಿರಿ ಎನ್ನುವುದನ್ನು ನಿಮ್ಮ ಮಗಳು ಹೇಳಿದ್ದಳು. ನೀವು ಸುಮ್ಮನಿದ್ದ ಸಂಗತಿ ಅವಳಿಗೆ ಗೊತ್ತಿಲ್ಲ. ನಿಮ್ಮಿಬ್ಬರ ಮದುವೆಗೆ ಮೂರು ದಿನವಿರುವಾಗ ಮಾವನವರಿಗೆ ಎಲ್ಲವನ್ನೂ ಹೇಳಿ, "ಬೇಡ ಅನ್ನೋದಾದ್ರೆ ಈಗ್ಲೇ ಅಂದುಬಿಡಿ" ಎಂದಿರಂತೆ. ಅವರು, "ಕಾಲು ಹೋದದ್ದು ಹೋಯ್ತು. ನಿನ್ನ ಕೈ ಸಿಕ್ತಲ್ಲ" ಎಂದರಂತೆ.

"ಅವತ್ತಿಂದ ನಾನು ಬಾಯಿ ಮುಚ್ಕೊಂಡು ಇದ್ದಿದ್ದಿಲ್ಲ. ಅದಕ್ಕೇ ಬೀದೀಲಿ ನಿಂಗೂ ಅಂದುಬಿಟ್ಟೆ. ಬೇಜಾರಾಗಿದ್ರೆ ಮರೆತುಬಿಡು" ಎಂದಿರಿ. ಕಾರು ಶುರು ಮಾಡಿದೆ.

ಈಗ ಕಳೆದ ಮಂಗಳವಾರದ ವಿಷಯ. ನಾಲ್ಕೂಕಾಲು ಗಂಟೆ. ನಿಮ್ಮ ಮಗಳನ್ನು ಡಾಕ್ಟರಿಗೆ ತೋರಿಸಿಕೊಂಡು ಇಳಿಜಾರು ರಸ್ತೆಯಲ್ಲಿ ಬರುತ್ತಿದ್ದೆ. ಆಣೆ ಮಾಡಿ ಹೇಳುತ್ತೇನೆ, ವೇಗ ನಲವತ್ತು ದಾಟಿರಲಿಲ್ಲ. ಆ ರಸ್ತೆಯಲ್ಲಿ, ಕಾಲು ಸೊಂಟ ಮುರಿದುಕೊಂಡವರಿಗೆ ಮತ್ತೆ ನಡೆಯಲು ಕಲಿಸುವ ಒಂದು ಆಸ್ಪತ್ರೆಯಿದೆ. ಅದರ ಗೇಟಿನಿಂದ ಒಂದು ಗಾಲಿಕುರ್ಚಿ ಹಿಮ್ಮುಖವಾಗಿ ಉರುಳಿಕೊಂಡು ಸೀದಾ ನನ್ನ ಮುಂದೆ ಬಂತು. ಅದರಲ್ಲಿ ಒಬ್ಬ ಮುದುಕರು, ಮಡಿಲಲ್ಲಿ ಹೊದಿಕೆ. ಹಿಂದೆ ಕೈ ಚಾಚಿಕೊಂಡು ಓಡಿಬರುತ್ತಿದ್ದ ನರ್ಸು.

ನಾನು ಏನನ್ನೂ ಯೋಚಿಸಲಿಲ್ಲ. ತುಳಿದೆ. ಕಾರು ಮೂಗು ತಗ್ಗಿಸಿ, ನೆಟ್ಟಗೆ, ಅತ್ತಿತ್ತ ಜಾರದೆ ನಿಂತಿತು. ಮರುಕ್ಷಣವೇ ಹಿಂದಿನಿಂದ ಧಡ್ ಎಂದು ಒಬ್ಬ ಗುದ್ದಿದ. ನನ್ನ ಕಾಲು ಪೆಡಲ್ಲಿನ ಮೇಲೇ ಇತ್ತು, ಅತ್ತೆ. ತೆಗೆದಿರಲಿಲ್ಲ. ಕಾರು ಒಂದು ಗೇಣಷ್ಟು ಮಾತ್ರ ಮುಂದಕ್ಕೆ ಸರಿಯಿತು. ಇಳಿದು ನೋಡಿದರೆ ಮುಂದಿನ ಬಂಪರಿಗೂ ಆ ಗಾಲಿಕುರ್ಚಿಗೂ ನಡುವೆ ಇನ್ನೂ ಒಂದು ಮೊಳ ಜಾಗ ಉಳಿದಿತ್ತು.

ಹಿಂದೆ ಗುದ್ದಿದವನು ಜಗಳಕ್ಕೆಂದೇ ತೋಳೇರಿಸಿಕೊಂಡು ಬಂದ. ಮುದುಕರನ್ನು ಕಂಡದ್ದೇ ತೋಳಿಳಿಸಿ ನಿಂತ. ಮುದುಕರು ಮಾತ್ರ ಬಂಪರನ್ನು ಒಮ್ಮೆ, ನನ್ನನ್ನೊಮ್ಮೆ ನೋಡಿ, "ನಿಂತುಬಿಡ್ತಲ್ಲಪ್ಪಾ! ಯಾರು ಮಾಡಿದ್ದು ಈ ಬ್ರೇಕು?" ಎಂದರು.

"ನಮ್ಮತ್ತೆ" ಎಂದೆ.

"ಹಾಗಾದ್ರೆ ನನ್ನ ಗಾಡಿದೂ ಅವರ ಹತ್ರಾನೇ ಮಾಡಿಸ್ಬೇಕು" ಎಂದರು. ಒಳಗೆ ಕೂತಿದ್ದ ನಿಮ್ಮ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತ ಅಳುತ್ತಿದ್ದಳು.

ಆ ನರ್ಸು ರಸ್ತೆಯಂಚಿನಲ್ಲಿ ಕುಸಿದು ಕೂತಿದ್ದಳು. "ಬ್ರೇಕ್ ಹಾಕಿದ್ದೆ ಸರ್, ಹಿಡೀಲಿಲ್ಲ. ಆಫೀಸಲ್ಲಿ ಎರಡು ಸಲ ಹೇಳಿದ್ದೆ. ಮುಂದಿನ ವಾರ ನೋಡೋಣ ಅಂದ್ರು" ಎಂದು ಬಿಕ್ಕುತ್ತಿದ್ದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನಗೇನಾಯಿತೋ ಗೊತ್ತಿಲ್ಲ. ಗಿರಾಕಿ ಮೂರು ಸಲ ಕನ್ನಡಕ ಹಿಂದಿರುಗಿಸಿದರೂ ದನಿಯೇರಿಸದ ನಾನು ಸೀದಾ ಒಳಗೆ ನಡೆದು, ಮೇಜಿನ ಹಿಂದಿದ್ದ ಅಧಿಕಾರಿಯ ಮುಂದೆ ನಿಂತೆ. "ಮುಂದಿನ ವಾರ ಅಲ್ಲ ಸಾರ್. ಈಗ್ಲೇ. ನಿಮ್ಮ ಕುರ್ಚಿಗಳನ್ನ ನೋಡೋವರೆಗೂ ನಾನು ಈ ಬಾಗಿಲು ಬಿಟ್ಟು ಏಳಲ್ಲ" ಎಂದೆ. ಏಳುವುದಕ್ಕೆ ನಾನೇನೂ ಕೂತಿರಲಿಲ್ಲ. ಆದರೂ ಅವರು ಗಾಬರಿಯಾಗಿ ಕೀಲಿಗೊಂಚಲು ತೆಗೆದರು.

ಡಿಕ್ಕಿಯಲ್ಲಿ ನೀವು ಇಟ್ಟಿದ್ದ ಸ್ಪ್ಯಾನರ್ ಪೆಟ್ಟಿಗೆ ತಂದೆ. ಮೊದಲು ಆ ಮುದುಕರ ಗಾಡಿ. ಗಾಲಿಗೆ ಒತ್ತಬೇಕಾದ ಲಿವರ್ ಸಡಿಲವಾಗಿ ಹಿಂದೆ ಸರಿದುಬಿಟ್ಟಿತ್ತು. ಮುಂದಕ್ಕೆ ಸರಿಸಿ ಬಿಗಿದೆ. ಅವರು ಇಳಿಜಾರಿನಲ್ಲೇ ಕೂತು ಪರೀಕ್ಷಿಸಿ, "ಪಾಸ್" ಎಂದರು. ಅಲ್ಲಿ ಒಟ್ಟು ಹತ್ತೊಂಬತ್ತು ಕುರ್ಚಿಗಳಿವೆ. ಆರರ ಬ್ರೇಕು ಸಡಿಲವಾಗಿತ್ತು. ಅಂದು ಮೂರು, ಗುರುವಾರ ಮೂರು ಸರಿಮಾಡಿದೆ. ಇನ್ನೆರಡರಲ್ಲಿ ಲಿವರ್ ಕೂರುವ ಪಟ್ಟಿಯೇ ಸೀಳಿದೆ. ಅದು ನನ್ನ ಕೈಲಾಗುವ ಕೆಲಸವಲ್ಲ. ನೀವು ಬರುವವರೆಗೂ ಅವನ್ನು ಹೊರಗೆ ತೆಗೆಯುವುದಿಲ್ಲವೆಂದು ಆ ನರ್ಸು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ.

ಹೆರಿಗೆಗೆಂದು ಮುಂದಿನ ತಿಂಗಳು ಬರುವವರು ಒಂದು ವಾರ ಮೊದಲೇ ಬನ್ನಿ. ಇನ್ನೊಂದು ಮಾತು. "ನೀವು ಯಾವತ್ತೂ ಯಾರ ಮೇಲೂ ಕೂಗಾಡಿದವರಲ್ಲ, ಅವತ್ತು ಏನಾಗಿತ್ತು ನಿಮ್ಗೆ?" ಎಂದು ನಿಮ್ಮ ಮಗಳು ದಿನಕ್ಕೆರಡು ಸಲ ಕೇಳುತ್ತಿದ್ದಾಳೆ. ನಾನು ಹೇಳಿಲ್ಲ. ಅದು ನೀವು ಹೇಳಬೇಕಾದದ್ದು. "ಅಮ್ಮ ಬಂದಾಗ ಕೇಳು" ಎಂದಿದ್ದೇನೆ. ಹೇಳಿಬಿಡಿ ಅತ್ತೆ. ಕೂಸು ಬರುವ ಮೊದಲೇ ಹೇಳಿಬಿಡಿ. ಅವಳು ನಿಮ್ಮ ಮೇಲೆ ಮುನಿಯುವುದಿಲ್ಲ. ಮುನಿದರೂ ಎಷ್ಟು ದಿನ? ಅವಳು ಮಾವನವರ ಮಗಳೂ ಹೌದಲ್ಲ.

ನಿಮ್ಮ ಮಂಡಿನೋವು ಇಳಿಯಲಿ. ನೂರು ವರ್ಷ ನಮ್ಮನ್ನು ಬೈದುಕೊಂಡಿರಿ. ಯಾವ ಬಸ್ಸಿಗೆ ಬರುತ್ತೀರಿ ಎಂದು ತಿಳಿಸಿ, ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ.

ನಿಮಗೆ ಸಾವಿರ ಸಲ ನಮಸ್ಕರಿಸುವ,
ನಿಮ್ಮ ಅಳಿಯ